ನೀರಿನ ಟ್ಯಾಂಕಿನ ಎಡಕ್ಕೆ ನಮ್ಮ ಮನೆ

ಗಾಜಣ್ಣನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಭಾನುವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ. ಇಷ್ಟು ಕರಾರುವಾಕ್ಕಾಗಿ ಹೇಳಬಹುದು, ಏಕೆಂದರೆ ಸರಿಯಾಗಿ ಎಂಟೂ ಹತ್ತಕ್ಕೆ ಬೀದಿಯ ತಿರುವಿನಲ್ಲಿ ಕೆಂಪು ವ್ಯಾನಿನ ಹಾರ್ನು ಕೇಳಿತು, ಪೀಂ ಪೀಂ ಪಿಪ್ಪೀಂ ಎಂದು, ಯಾವನೋ ಮಂತ್ರಿ ಬಂದ ಹಾಗೆ! ಅಲ್ಲಿಯವರೆಗೆ ಅಪ್ಪನ ತೊಡೆಯ ಮೇಲೆ ಕಾಲು ಚಾಚಿ ಸಾಕ್ಸು ಹಾಕಿಸಿಕೊಳ್ಳುತ್ತಿದ್ದ ಮಗಳು "ಚಿಕ್ಕಪ್ಪ ಬಂದ್ರು!" ಎಂದು ಕಿರುಚಿ, ಒಂದೇ ಕಾಲಿನ ಸಾಕ್ಸಿನಲ್ಲಿ ಬೀದಿಗೆ ಓಡಿದಳು. ಇನ್ನೊಂದು ಸಾಕ್ಸು ಗಾಜಣ್ಣನ ಕೈಯಲ್ಲೇ ಉಳಿಯಿತು.

ಅದಕ್ಕೆ ಹತ್ತು ನಿಮಿಷ ಮುಂಚೆ ಆ ಬೀದಿಯಲ್ಲಿ ಅವನಷ್ಟು ಸುಖಿ ಯಾರೂ ಇರಲಿಲ್ಲ.

ಗಾಜಣ್ಣ ಎಂಬುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಊರಿನ ನಡುಮಧ್ಯೆ ಎದ್ದು ನಿಂತಿರುವ ವೀಕ್ಷಣಾ ಗೋಪುರದ ಗಾಜುಗಳನ್ನು ಹೊರಗಡೆಯಿಂದ ಒರೆಸುವ ಕೆಲಸ ಅವನದು, ಅದಕ್ಕೇ ಬೀದಿಯವರು ಕಟ್ಟಿದ ಹೆಸರು. ಹೊರಗಡೆಯಿಂದ ಅಂದರೆ ನಿಜವಾಗಿಯೂ ಹೊರಗಡೆಯಿಂದ! ನಲವತ್ತು ಅಂತಸ್ತಿನ ಎತ್ತರದಲ್ಲಿ, ಉಕ್ಕಿನ ಹಗ್ಗಗಳಿಗೆ ಜೋತುಬಿದ್ದ ಒಂದು ಕಬ್ಬಿಣದ ಅಟ್ಟಣಿಗೆ. ಅದನ್ನು ಅವರು ತೊಟ್ಟಿಲು ಎನ್ನುತ್ತಾರೆ. ಆ ತೊಟ್ಟಿಲಲ್ಲಿ ಗಾಜಣ್ಣ ಮತ್ತು ಅವನ ಜೊತೆಗಾರ, ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಕೊಕ್ಕೆ, ಕೊಕ್ಕೆಗೆ ಹಗ್ಗ, ಎರಡು ಬಕೆಟ್ಟು ಸೋಪಿನ ನೀರು, ಕೋಲಿಗೆ ಸಿಕ್ಕಿಸಿದ ರಬ್ಬರ್ ಪಟ್ಟಿ. ಮೇಲಿಂದ ಕೆಳಕ್ಕೆ ಒಂದು ಎಳೆತ, ಪಟ್ಟಿ ಒರೆಸಿಕೊಂಡು ಇನ್ನೊಂದು ಎಳೆತ. ಕೊನೆಯ ಗಾಜಿಗೆ ಬರುವಷ್ಟರಲ್ಲಿ ಮೊದಲನೆಯ ಗಾಜಿನ ಮೇಲೆ ಮತ್ತೆ ಧೂಳು ಕೂತಿರುತ್ತದೆ.

ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಕಿವಿ ಹಿಂಡಿ ಹೇಳಿದ್ದ. "ನೋಡೋ, ಗಾಜು ನೋಡು, ನಿನ್ನ ಕೈ ನೋಡು, ಅಷ್ಟೇ. ಹಿಂದಕ್ಕೆ ತಿರುಗಿದ್ಯೋ, ತಲೆ ಗಿರ್ ಅನ್ನುತ್ತೆ. ಆಮೇಲೆ ನಿನ್ನ ಹೆಂಡ್ತಿಗೆ ನಾನು ಏನಂತ ಹೇಳ್ಲಿ?"

ಆಗ ಅವನಿಗೆ ಹೆಂಡತಿಯೇ ಇರಲಿಲ್ಲ. ಆದರೂ ಮಾತು ನಾಟಿತು. ಇಪ್ಪತ್ತು ವರ್ಷ, ಒಂದು ಸಲವೂ ಅವನು ಹಿಂದಕ್ಕೆ ತಿರುಗಿರಲಿಲ್ಲ. ತಿರುಗುವ ಅಗತ್ಯವಾದರೂ ಏನಿತ್ತು? ಇಡೀ ಊರು ಗಾಜಿನಲ್ಲೇ ಕಾಣುತ್ತಿತ್ತಲ್ಲ! ಒಂದು ಎಳೆತ ಎಳೆದರೆ ಸಾಕು, ಸೋಪಿನ ನೊರೆ ಸರಿದು ರಸ್ತೆ, ಸೇತುವೆ, ರೈಲು ಹಳಿ, ದೊಡ್ಡ ನೀರಿನ ಟ್ಯಾಂಕು ಎಲ್ಲ ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದವು. ಬೆಳಿಗ್ಗೆ ಏಳೂವರೆಗೆ ಟ್ಯಾಂಕಿನ ಎಡಕ್ಕೆ, ಮೂರು ಸಾಲು ಮನೆಗಳ ಹಿಂದೆ, ಒಂದು ಹಳದಿ ಚುಕ್ಕೆ ಮೂಡುತ್ತಿತ್ತು. ಅದು ಅವನ ಮನೆಯ ತಾರಸಿ. ಹಳದಿ ಚುಕ್ಕೆ ಅವನ ಅತ್ತೆಯ ಹೊದಿಕೆ. ಅತ್ತೆಗೆ ರಾತ್ರಿ ಬೆಚ್ಚಗಿನ ಹೊದಿಕೆಯೇ ಬೇಕು, ಆದ್ದರಿಂದ ಅವನ ಹೆಂಡತಿ ದಿನಾ ಬೆಳಿಗ್ಗೆ ಅದನ್ನು ತಾರಸಿಯ ಗೋಡೆಯ ಮೇಲೆ ಬಿಸಿಲಿಗೆ ಹಾಕುತ್ತಾಳೆ. ಈ ವಿಷಯ ಗಾಜಣ್ಣ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಹೇಳಿದರೆ ನಗುತ್ತಾಳೆ ಎಂದು.

ಅವನ ಹೊಟ್ಟೆಕಿಚ್ಚಿಗೂ ಒಂದು ಇತಿಹಾಸವಿದೆ. ಗಾಜಿನ ಒಳಗಡೆ ದಿನಾ ಜನ ಬರುತ್ತಾರೆ. ಐಸ್‌ಕ್ರೀಮು ನೆಕ್ಕುತ್ತಾರೆ, ಫೋಟೋ ತೆಗೆಯುತ್ತಾರೆ, ಅಪ್ಪಂದಿರು ಮಕ್ಕಳನ್ನು ಎತ್ತಿ ಹಿಡಿದು "ಅಲ್ಲಿ ನೋಡು, ಅಲ್ಲಿ ನೋಡು" ಎಂದು ಬೆರಳು ತೋರಿಸುತ್ತಾರೆ. ಮಾತು ಕೇಳಿಸುವುದಿಲ್ಲ, ಬಾಯಿ ಆಡುವುದಷ್ಟೇ ಕಾಣುತ್ತದೆ. ಆ ಅಪ್ಪಂದಿರನ್ನು ಕಂಡರೆ ಗಾಜಣ್ಣನ ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದಂತಾಗುತ್ತಿತ್ತು. ಬೇಕೆಂದೇ ಅವರ ಮುಖದ ಮುಂದೆಯೇ ದಪ್ಪಗೆ ಸೋಪು ಬಳಿದು, ಎರಡು ನಿಮಿಷ ಹಾಗೇ ಬಿಟ್ಟು, ಆಮೇಲೆ ಒರೆಸುತ್ತಿದ್ದ. ಜೊತೆಗಾರ ಕೇಳಿದರೆ "ಕಲೆ ಗಟ್ಟಿ ಇತ್ತು" ಎನ್ನುತ್ತಿದ್ದ.

ಈಗ ಅವನ ಸರದಿ ಬಂದಿತ್ತು. ಇಪ್ಪತ್ತು ವರ್ಷ ತುಂಬಿಸಿದ್ದಕ್ಕೆ ಆಫೀಸಿನವರು ಬೆನ್ನು ತಟ್ಟಿ ಮನೆಮಂದಿಗೆಲ್ಲ ಒಂದು ಪಾಸು ಕೊಟ್ಟಿದ್ದರು. ಅದರ ಜೊತೆಗೆ ಇನ್ನೊಂದು ಪುಟ್ಟ ಪಾಸು, ಗಾಜಿನ ಡಬ್ಬಿಯದು! ಗೋಪುರದ ತುದಿಯಲ್ಲಿ ಹೊರಕ್ಕೆ ಚಾಚಿಕೊಂಡ ಒಂದು ಡಬ್ಬಿ ಇದೆ, ಗೋಡೆ ಗಾಜು, ನೆಲವೂ ಗಾಜು, ಒಂದು ಸಲಕ್ಕೆ ಇಬ್ಬರೇ, ಐದೇ ನಿಮಿಷ. ಗಾಜಣ್ಣ ತಿಂಗಳಿನಿಂದ ಕನಸು ಕಾಣುತ್ತಿದ್ದ. ಒಂಬತ್ತು ವರ್ಷದ ಮಗಳನ್ನು, ಹುಟ್ಟಿದಾಗಿನಿಂದ ತಾರಸ್ವರದಲ್ಲೇ ಅಳುತ್ತಿದ್ದುದರಿಂದ ಮನೆಯಲ್ಲೆಲ್ಲ ಪಿಟೀಲು ಎಂದು ಕರೆಸಿಕೊಳ್ಳುವ ಮಗಳನ್ನು, ಆ ಡಬ್ಬಿಯೊಳಗೆ ಎತ್ತಿ ಹಿಡಿದು, ಬೆರಳು ತೋರಿಸಿ, "ಅಲ್ಲಿ ನೋಡು" ಅನ್ನಬೇಕು. ಅಷ್ಟೇ ಅವನ ಆಸೆ.

ಆ ಆಸೆಯ ನಡುವೆ ಈ ಕೆಂಪು ವ್ಯಾನು ನುಗ್ಗಿತು.

ವ್ಯಾನಿನವನು ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಮನೆಮನೆಗೆ ಪಾರ್ಸೆಲ್ಲು ಮುಟ್ಟಿಸುವ ಕೆಲಸ. ಊರಿನ ಯಾವ ಸಂದಿ ಎಲ್ಲಿ ಸೇರುತ್ತದೆ, ಯಾವ ಮನೆಯ ನಾಯಿ ಕಚ್ಚುತ್ತದೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿ. ಆ ನಾಲಿಗೆಗೆ ತುದಿ ಇತ್ತೇ ಹೊರತು ಕೊನೆ ಇರಲಿಲ್ಲ.

"ಏನಣ್ಣಾ!" ವ್ಯಾನಿನ ಬಾಗಿಲು ತೆರೆಯುತ್ತಲೇ ಷಡ್ಡಕ ಶುರು ಮಾಡಿದ. "ಕೆಲ್ಸಕ್ಕೆ ರಜ ಹಾಕಿ ಕೆಲ್ಸದ ಜಾಗಕ್ಕೇ ಹೊರಟಿದ್ದೀರಲ್ಲ! ಇಂಥಾ ನಿಯತ್ತಿನ ಮನುಷ್ಯ ಎಲ್ಲಿ ಸಿಗ್ತಾನೆ ಹೇಳಿ!"

ಪಿಟೀಲು ನಕ್ಕಳು. ಅತ್ತೆ ನಕ್ಕರು. ಹೆಂಡತಿಯೂ ನಕ್ಕಳು, ಅದನ್ನು ಗಾಜಣ್ಣ ಮನಸ್ಸಿನಲ್ಲಿ ಗುರುತು ಹಾಕಿಕೊಂಡ.

"ಬಕೆಟ್ಟು ತಗೊಂಡಿದ್ದೀರಾ ಅಣ್ಣಾ?" ಎಂದ ಷಡ್ಡಕ.

"ಇಲ್ಲ, ನಿನ್ನ ಬಾಯಿ ಒರೆಸೋಕೆ ಬಟ್ಟೆ ತಗೊಂಡಿದ್ದೀನಿ" ಎಂದು ಗಾಜಣ್ಣ ತಿರುಗೇಟು ಕೊಟ್ಟ. ಆದರೆ ಅಷ್ಟರಲ್ಲಿ ಎಲ್ಲರೂ ಬಾಗಿಲಿನ ಹತ್ತಿರ ನೂಕಾಡುತ್ತಿದ್ದರು, ಯಾರ ಕಿವಿಗೂ ಬೀಳಲಿಲ್ಲ. ಒಳ್ಳೆಯ ಮಾತು ದಂಡವಾಯಿತು.

ಮುಂದಿನ ಸೀಟಿನಲ್ಲಿ ಪಿಟೀಲು ಕೂತಳು, ಚಿಕ್ಕಪ್ಪನ ಪಕ್ಕ. ನಡುವೆ ಹೆಂಡತಿ ಮತ್ತು ಅವಳ ತಂಗಿ, ಇಬ್ಬರೂ ಹತ್ತು ವರ್ಷದ ಮಾತನ್ನು ಹತ್ತು ನಿಮಿಷದಲ್ಲಿ ಆಡಿ ಮುಗಿಸುವ ತರಾತುರಿಯಲ್ಲಿ. ಹಿಂದಿನ ಸೀಟಿನಲ್ಲಿ ಗಾಜಣ್ಣ, ಒಂದು ಕಡೆ ಅತ್ತೆ, ಇನ್ನೊಂದು ಕಡೆ ಬ್ರೆಡ್ಡು, ಬೇಯಿಸಿದ ಮೊಟ್ಟೆಗಳ ಬುಟ್ಟಿ. ಪಾಸು ಅವನದು, ಪ್ರವಾಸ ಮಾತ್ರ ಇನ್ಯಾರದೋ!

"ಅಪ್ಪಾ," ಮುಂದಿನ ಸೀಟಿನಿಂದ ಪಿಟೀಲು ಕೂಗಿದಳು, "ಡಬ್ಬಿಗೆ ಇಬ್ರೇ ಅಲ್ವಾ ಬಿಡೋದು? ನಾನು ಮತ್ತೆ ಇನ್ನೊಬ್ರು ಯಾರು?"

"ಯಾರು ಅಂತ ಬೇರೆ ಕೇಳ್ತೀಯಲ್ಲೇ! ನಾನು."

"ನೀನು ದಿನಾ ಅಲ್ಲೇ ನೇತಾಡ್ತಿರ್ತೀಯಲ್ಲಪ್ಪಾ. ಚಿಕ್ಕಪ್ಪ ಒಂದ್ಸಲನೂ ಮೇಲೆ ಹೋಗಿಲ್ವಂತೆ. ಪಾಪ."

ಪಾಪ! ಆ ಎರಡಕ್ಷರ ಗಾಜಣ್ಣನ ಎದೆಯೊಳಗೆ ಮೊಳೆ ಹೊಡೆದ ಹಾಗೆ ಹೋಗಿ ಕೂತಿತು.

"ಮಗು ಹೇಳೋದ್ರಲ್ಲಿ ತಪ್ಪೇನಿದೆ?" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ.

"ಬೇಡ ಬೇಡ ಪಿಟೀಲು," ಎಂದ ಷಡ್ಡಕ, ಕನ್ನಡಿಯಲ್ಲಿ ಗಾಜಣ್ಣನ ಮುಖ ನೋಡಿ. "ಪಾಸು ಅಪ್ಪಂದು. ಅಪ್ಪನ ಜೊತೇನೇ ಹೋಗು."

ಹೀಗೆ ದೊಡ್ಡತನ ಮೆರೆಯುತ್ತಾನಲ್ಲ, ಅದೇ ಗಾಜಣ್ಣನಿಗೆ ಸಹಿಸಲಾಗದ್ದು. ಕಿತ್ತುಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು!

ಪಿಟೀಲು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ತಿರುಗಿ ಘೋಷಿಸಿದಳು. "ಹಂಗಾದ್ರೆ ಪಂದ್ಯ! ಮೇಲೆ ಹೋದ್ಮೇಲೆ ನಮ್ಮನೆ ಎಲ್ಲಿದೆ ಅಂತ ಯಾರು ಮೊದ್ಲು ತೋರಿಸ್ತಾರೋ ಅವ್ರು ನನ್ನ ಜೊತೆ ಡಬ್ಬಿಗೆ!"

ಗಾಜಣ್ಣನಿಗೆ ನಗು ತಡೆಯಲಾಗಲಿಲ್ಲ. ಪಂದ್ಯವಂತೆ! ಇಪ್ಪತ್ತು ವರ್ಷದಿಂದ ದಿನಾ ನೋಡುವ ಮನೆ! ಟ್ಯಾಂಕು, ಟ್ಯಾಂಕಿನ ಎಡಕ್ಕೆ, ಮೂರು ಸಾಲು ಹಿಂದೆ. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಬೆರಳು ಇಡುತ್ತೇನೆ ಎಂದುಕೊಂಡ. "ಆಗ್ಲಿ ಪುಟ್ಟಾ" ಎಂದ ಬಹಳ ಉದಾರವಾಗಿ. "ಪಾಪ, ಚಿಕ್ಕಪ್ಪನೂ ಒಂದು ಕೈ ನೋಡ್ಲಿ."

ಗೋಪುರದ ಬುಡದಲ್ಲಿ ಒಂದು ಉದ್ಯಾನ. ಗೋಪುರಕ್ಕೆ ಹನ್ನೆರಡು ಗಂಟೆಯ ಸರದಿ ಸಿಕ್ಕಿದ್ದರಿಂದ ಅಲ್ಲಿಯವರೆಗೆ ಉದ್ಯಾನದಲ್ಲಿ ಸುತ್ತಾಟ. ಮೊದಲು ಆಟಿಕೆ ರೈಲು. ಒಂದು ಬೆಂಚಿಗೆ ಇಬ್ಬರು. ಪಿಟೀಲು ಚಿಕ್ಕಪ್ಪನ ಬೆಂಚಿಗೆ ಹಾರಿದಳು, ಗಾಜಣ್ಣನಿಗೆ ಅತ್ತೆ ಸಿಕ್ಕರು. ರೈಲು ಕೊಳವನ್ನು ಎರಡು ಸುತ್ತು ಸುತ್ತಿತು. ಮುಂದಿನ ಬೆಂಚಿನಿಂದ ಕಿಲಕಿಲ ನಗು, ಇವನ ಬೆಂಚಿನಲ್ಲಿ "ಇದು ಯಾವಾಗ ನಿಲ್ಲುತ್ತೆ, ನನ್ನ ಸೊಂಟ ಬಿತ್ತು." ಆಮೇಲೆ ಮೀನಿನ ಮನೆ. ಅಲ್ಲಿ ಷಡ್ಡಕ ಒಂದು ದಪ್ಪ ಮೀನಿನ ಮುಂದೆ ನಿಂತು ಅದರ ಹಾಗೆಯೇ ಬಾಯಿ ಮಾಡಿದ. ಪಿಟೀಲು ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟಳು. ಗಾಜಣ್ಣನೂ ಯಾರೂ ನೋಡದಾಗ ಇನ್ನೊಂದು ತೊಟ್ಟಿಯ ಮುಂದೆ ಮೀನಿನ ಬಾಯಿ ಮಾಡಿ ನೋಡಿದ. ಮೀನು ಬೆನ್ನು ತಿರುಗಿಸಿಕೊಂಡು ಹೋಯಿತು.

ಆಮೇಲೆ ಬಂತು ನೋಡಿ ಕನ್ನಡಿ ಮನೆ!

ಒಳಗೆಲ್ಲ ಕನ್ನಡಿಗಳು, ನಡುನಡುವೆ ಬರೀ ಗಾಜು, ದಾರಿ ಯಾವುದು ಗೋಡೆ ಯಾವುದು ಗೊತ್ತಾಗಬಾರದು, ಅದೇ ಆಟ. ಗಾಜಣ್ಣನ ಮುಖ ಅರಳಿತು. ಇದು ಅವನ ಅಖಾಡ. ಕೈಗುರುತು ಇರುವ ಕಡೆ ಗಾಜು, ಇಲ್ಲದ ಕಡೆ ದಾರಿ. ಅಂಚಿನಲ್ಲಿ ಧೂಳಿನ ಗೆರೆ ಇದ್ದರೆ ಕನ್ನಡಿ. ಇಷ್ಟೂ ಗೊತ್ತಿಲ್ಲದ ಜನ ಗೋಡೆಗೆ ಗೋಡೆಗೆ ಹಣೆ ಬಡಿದುಕೊಳ್ಳುತ್ತಿದ್ದರೆ ಅವನು ಕೈ ಬೀಸಿಕೊಂಡು, ತನ್ನ ಮನೆಯ ನಡುಮನೆಯಲ್ಲಿ ನಡೆದ ಹಾಗೆ ನಡೆದು, ಒಂದೇ ನಿಮಿಷದಲ್ಲಿ ಹೊರಗೆ ಬಂದ. ಬಾಗಿಲಲ್ಲಿದ್ದ ಕಾವಲುಗಾರ ಗಡಿಯಾರ ನೋಡಿ "ಇಷ್ಟು ಬೇಗ ಯಾರೂ ಬಂದಿಲ್ಲ ಸಾರ್" ಎಂದ.

ಗಾಜಣ್ಣ ಎದೆಯುಬ್ಬಿಸಿ ನಿಂತ. ಮಗಳು ಬರಲಿ, ಕೇಳಲಿ, "ಅಪ್ಪಾ ನೀನು ಹೆಂಗೆ ಬಂದೆ" ಅನ್ನಲಿ.

ಐದು ನಿಮಿಷವಾಯಿತು. ಹತ್ತಾಯಿತು. ಒಳಗಿನಿಂದ ದಡ್ ಎಂದು ಯಾರೋ ಬಡಿದುಕೊಂಡ ಸದ್ದು, ಆಮೇಲೆ ಪಿಟೀಲಿನ ಕೇಕೆ. "ಚಿಕ್ಕಪ್ಪಾ, ಮತ್ತೆ ಅದೇ ಗೋಡೆ!" ಮತ್ತೆ ದಡ್. "ಅಯ್ಯೋ ಈ ಕನ್ನಡಿಯಲ್ಲಿರೋ ಕುರೂಪಿ ಯಾರಪ್ಪಾ, ದಾರಿ ಬಿಡಯ್ಯಾ!" ಎಂದು ಷಡ್ಡಕನ ದನಿ. ಮತ್ತೆ ಕೇಕೆ. ಹೆಂಡತಿಯದೂ, ಅವಳ ತಂಗಿಯದೂ, ಸೊಂಟ ಬಿದ್ದುಹೋಗಿದ್ದ ಅತ್ತೆಯದೂ! ಇಪ್ಪತ್ತು ನಿಮಿಷ ಗಾಜಣ್ಣ ಬಿಸಿಲಲ್ಲಿ ಒಬ್ಬನೇ ನಿಂತು ಆ ನಗುವನ್ನೆಲ್ಲ ಕೇಳಿಸಿಕೊಂಡ. ಗೆದ್ದವನು ಹೊರಗೆ, ಸೋತವರೆಲ್ಲ ಒಳಗೆ ಮಜಾ ಮಾಡುತ್ತಿದ್ದಾರೆ, ಇದೆಂಥ ನ್ಯಾಯ?

ಕೊನೆಗೆ ಷಡ್ಡಕ ಕೆಂಪಗಾದ ಮೂಗು ಉಜ್ಜಿಕೊಳ್ಳುತ್ತಾ ಹೊರಬಂದ. ಪಿಟೀಲು ಅವನ ಬೆರಳು ಹಿಡಿದುಕೊಂಡಿದ್ದಳು.

"ಅಪ್ಪಾ, ನೀನು ಬರ್ಲೇ ಇಲ್ವಾ ಒಳಗೆ?" ಎಂದಳು.

ಗಾಜಣ್ಣ ಬುಟ್ಟಿಗೆ ಕೈ ಹಾಕಿದ. ಮೊಟ್ಟೆಯ ಸಿಪ್ಪೆ ಸುಲಿದು ಅವಳ ಕೈಗೆ ಕೊಟ್ಟ. ಅವಳು ಅದನ್ನು ಅರ್ಧ ಮಾಡಿ ದೊಡ್ಡ ಅರ್ಧವನ್ನು ಚಿಕ್ಕಪ್ಪನ ಬಾಯಿಗಿಟ್ಟಳು, ಮೂಗಿಗೆ ಪೆಟ್ಟಾಗಿದೆಯಂತೆ.

ಇರಲಿ, ಮೇಲೆ ಬಾ ಮಗನೇ, ಎಂದುಕೊಂಡ ಗಾಜಣ್ಣ.

ಲಿಫ್ಟಿನಲ್ಲಿ ನೀಲಿ ಕೋಟು ತೊಟ್ಟ ಹುಡುಗಿ ಗುಂಡಿ ಒತ್ತುತ್ತಾ ಅವನ ಮುಖವನ್ನೇ ನೋಡಿದಳು. "ಅರೆ! ನೀವು ಗಾಜಿನ ಆಚೆಯವ್ರಲ್ವಾ?"

"ಹೂಂ ಕಣಮ್ಮ!" ಗಾಜಣ್ಣ ಮಗಳ ಕಡೆ ನೋಡಿದ, ಕೇಳಿಸಿಕೊಂಡಳಾ ಎಂದು.

"ಗುರ್ತೇ ಸಿಗ್ಲಿಲ್ಲ. ಆಚೆಯಿಂದ ಇನ್ನೂ ಎತ್ತರ ಕಾಣ್ತೀರಿ."

"ಅದು ತೊಟ್ಟಿಲ ಮೇಲೆ ನಿಂತಿರ್ತಾರಲ್ಲ ಅದಕ್ಕೆ" ಎಂದ ಷಡ್ಡಕ. ಇಡೀ ಲಿಫ್ಟು ನಕ್ಕಿತು, ಪರಿಚಯವಿಲ್ಲದವರೂ ಸೇರಿ.

ಬಾಗಿಲು ತೆರೆಯಿತು. ದುಂಡಗಿನ ದೊಡ್ಡ ಕೋಣೆ, ಸುತ್ತ ಆಳೆತ್ತರದ ಗಾಜು, ನಡುವೆ ಲಿಫ್ಟನ್ನು ಸುತ್ತುವರಿದ ದಪ್ಪ ಕಂಬ, ಮೈತುಂಬ ಕನ್ನಡಿಯಂಥ ಉಕ್ಕಿನ ಹಾಳೆ ಹೊದ್ದದ್ದು. ಇಪ್ಪತ್ತು ವರ್ಷ ಹೊರಗಿನಿಂದ ನೋಡಿದ್ದ ಕೋಣೆಯೊಳಗೆ ಗಾಜಣ್ಣ ಮೊದಲ ಸಲ ಕಾಲಿಟ್ಟ. ಕಾಲಡಿಯ ನೆಲ ಅಲುಗಾಡುತ್ತಿರಲಿಲ್ಲ, ಅದೇ ಅವನಿಗೆ ವಿಚಿತ್ರವಾಯಿತು.

"ರೆಡೀ," ಎಂದಳು ಪಿಟೀಲು, ಗಾಜಿಗೆ ಬೆನ್ನು ಕೊಟ್ಟು ನಿಂತು, ಕೈ ಮೇಲೆತ್ತಿ. "ಒಂದು, ಎರಡು, ಮೂರು!"

ಗಾಜಣ್ಣ ಓಡಲಿಲ್ಲ. ರಾಜಗಾಂಭೀರ್ಯದಿಂದ ಹೋಗಿ ತಾನೇ ಒರೆಸಿದ ಗಾಜಿನ ಮುಂದೆ ನಿಂತ. ಟ್ಯಾಂಕು ಎಲ್ಲಿ? ಅಗೋ, ಟ್ಯಾಂಕು. ಎಡಕ್ಕೆ ನೋಡಿದ. ಅಲ್ಲಿ ಯಾವುದೋ ಕಾರ್ಖಾನೆಯ ಶೆಡ್ಡು. ಇನ್ನೂ ಎಡಕ್ಕೆ ನೋಡಿದ. ಖಾಲಿ ಮೈದಾನ. ಮೂರು ಸಾಲು ಹಿಂದೆ ಅಂದರೆ ರೈಲು ಹಳಿ. ಹಳಿ ಇಲ್ಲಿ ಏನು ಮಾಡುತ್ತಿದೆ? ಹಳಿ ಆ ಕಡೆ ಇರಬೇಕಿತ್ತಲ್ಲ! ಸೇತುವೆಯೂ ತಪ್ಪು ಜಾಗದಲ್ಲಿ. ಯಾರೋ ರಾತ್ರೋರಾತ್ರಿ ಇಡೀ ಊರನ್ನು ಮಗುಚಿ ಹಾಕಿದ ಹಾಗಿತ್ತು.

"ಅಲ್ಲಿ..." ಎಂದು ಬೆರಳೆತ್ತಿದ, ಬೆರಳು ಗಾಳಿಯಲ್ಲಿ ಅಲೆದಾಡಿತು. "ಇಲ್ಲ, ಅಲ್ಲಿ. ಟ್ಯಾಂಕಿನ ಎಡಕ್ಕೆ. ತಡಿ, ತಡಿ..."

"ಟ್ಯಾಂಕಿನ ಬಲಕ್ಕೆ ಅಣ್ಣಾ!" ಎಂದ ಷಡ್ಡಕ ಪಕ್ಕದಿಂದ. "ಟ್ಯಾಂಕ್ ರೋಡಿಂದ ಬಲಕ್ಕೆ ತಿರುಗಿದ್ರೆ ತಾನೇ ನಿಮ್ಮ ಬೀದಿ? ದಿನಾ ಓಡಾಡ್ತೀನಲ್ಲ. ಅಗೋ, ಆ ಬಿಳಿ ಮನೆ. ಪಿಟೀಲು, ಕಾಣ್ತಾ?"

"ಕಾಣ್ತು ಕಾಣ್ತು! ಬಿಳಿ ಮನೆ! ಚಿಕ್ಕಪ್ಪ ಗೆದ್ರು!"

"ಇಪ್ಪತ್ತು ವರ್ಷ ಇಲ್ಲೇ ಇದ್ದು," ಎಂದರು ಅತ್ತೆ, ಬೆಂಚಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಾ, "ಸ್ವಂತ ಮನೆ ಗೊತ್ತಾಗ್ಲಿಲ್ವಾ ನಿಮಗೆ?"

"ಸುಮ್ನಿರಮ್ಮ" ಎಂದಳು ಹೆಂಡತಿ. ಆ ಸುಮ್ಮನಿರಿಸುವಿಕೆ ಅತ್ತೆಯ ಮಾತಿಗಿಂತ ಹೆಚ್ಚು ನೋಯಿಸಿತು.

ಗಾಜಣ್ಣನ ಮುಖ ಹುಳ್ಳಗಾಯಿತು. ಜೇಬಿನಿಂದ ಪುಟ್ಟ ಪಾಸನ್ನು ತೆಗೆದು ಷಡ್ಡಕನ ಕೈಗಿಟ್ಟ. ಷಡ್ಡಕ "ಅಯ್ಯೋ ಅಣ್ಣಾ, ತಮಾಷೆಗೆ..." ಎನ್ನುವಷ್ಟರಲ್ಲಿ ಪಿಟೀಲು ಅವನನ್ನು ಡಬ್ಬಿಯ ಸಾಲಿಗೆ ಎಳೆದೊಯ್ದಳು. ಅವರ ಮುಂದೆ ನಾಲ್ಕು ಜೋಡಿ ನಿಂತಿದ್ದರು.

ಈ ಊರಿನ ಮುಖ ನೋಡುವುದೇ ಬೇಡ ಎಂದು ಗಾಜಣ್ಣ ಊರಿಗೆ ಬೆನ್ನು ಮಾಡಿ ನಿಂತ. ಮನೆಯ ದಾರಿ ಆ ಷಡ್ಡಕನಿಗೆ ಗೊತ್ತು, ಮಗಳ ನಗು ಅವನಿಗೆ ಗೊತ್ತು, ಮೀನಿನ ಬಾಯಿ ಅವನಿಗೆ ಬರುತ್ತದೆ. ನನಗೇನು ಬರುತ್ತದೆ? ಕೈಗುರುತು ಒರೆಸುವುದು! ಹೀಗೆ ಮೈ ಪರಚಿಕೊಳ್ಳುವಂತಾಗಿ ಎದುರಿನ ಕಂಬವನ್ನು ದುರುಗುಟ್ಟಿ ನೋಡಿದ.

ಕಂಬದ ಉಕ್ಕಿನಲ್ಲಿ ಊರು ಇತ್ತು.

ಅವನ ಊರು! ಸೇತುವೆ ಅದರ ಜಾಗದಲ್ಲಿ, ಹಳಿ ಅದರ ಜಾಗದಲ್ಲಿ. ಟ್ಯಾಂಕು. ಟ್ಯಾಂಕಿನ ಎಡಕ್ಕೆ, ಮೂರು ಸಾಲು ಹಿಂದೆ, ಹಳದಿ ಚುಕ್ಕೆ.

"ಪಿಟೀಲೂ!" ಅವನು ಕೂಗಿದ ಕೂಗಿಗೆ ಇಡೀ ಕೋಣೆ ತಿರುಗಿ ನೋಡಿತು. "ಬಾ ಇಲ್ಲಿ! ಬಾರೇ ಬೇಗ!"

ಅವಳು ಓಡಿಬಂದಳು. ಷಡ್ಡಕ ಸಾಲು ಬಿಡದೆ ಕತ್ತು ಚಾಚಿದ.

"ಇಲ್ನೋಡು, ಈ ಕಂಬದಲ್ಲಿ. ಟ್ಯಾಂಕು ಕಾಣ್ತಾ? ಎಡಕ್ಕೆ ಬಾ. ಹಸಿರು ಶೆಡ್ಡು. ವಾಲಿಕೊಂಡಿರೋ ಲೈಟು ಕಂಬ. ಅದರ ಹಿಂದೆ ಹಳದಿ. ಅದು ಅಜ್ಜಿಯ ಹೊದಿಕೆ. ಅದೇ ನಮ್ಮನೆ."

ಪಿಟೀಲು ಕಂಬ ನೋಡಿದಳು. ತಿರುಗಿ ಕಿಟಕಿ ನೋಡಿದಳು. ಮತ್ತೆ ಕಂಬ. ಅವಳ ಬಾಯಿ ನಿಧಾನವಾಗಿ ತೆರೆದುಕೊಂಡಿತು.

"ಅಪ್ಪಾ! ನೀನು ಉಲ್ಟಾ ನೋಡಿದ್ದೀಯ! ಕನ್ನಡಿಯಲ್ಲಿ ನೋಡಿದ್ದೀಯ! ಇಷ್ಟು ವರ್ಷ ಒಂದ್ಸಲನೂ ತಿರುಗಿ ನೋಡೇ ಇಲ್ವಾ?"

"ತಿರುಗ್ಬಾರ್ದು ಅಂತ ಮೇಸ್ತ್ರಿ ಹೇಳಿದ್ನಲ್ಲ."

ಅವಳು ಇನ್ನೇನೂ ಕೇಳದೆ ಕಿಟಕಿಯ ಪಕ್ಕ ನಿಲ್ಲಿಸಿದ್ದ ದುರ್ಬೀನಿನ ಹತ್ತಿರ ಓಡಿದಳು. ಟ್ಯಾಂಕು ಹಿಡಿದಳು, ಬಲಕ್ಕೆ ತಿರುಗಿಸಿದಳು, ಹಸಿರು ಶೆಡ್ಡು ಎಂದಳು, ವಾಲಿದ ಲೈಟು ಕಂಬ ಎಂದಳು, ಆಮೇಲೆ ಉಸಿರು ಹಿಡಿದಳು. "ಹೊದಿಕೆ! ಕಾಲು ಮುರಿದ ನಮ್ಮ ಕುರ್ಚಿ! ನನ್ನ ಇನ್ನೊಂದು ಜೊತೆ ಸಾಕ್ಸು ಒಣಗ್ತಿದೆ!"

ಸಾಲಿನಲ್ಲಿದ್ದ ಷಡ್ಡಕ ಬಂದು ದುರ್ಬೀನಿಗೆ ಕಣ್ಣಿಟ್ಟ. ಬಹಳ ಹೊತ್ತು ನೋಡಿದ. "ಹಂಗಾದ್ರೆ ನಾನು ತೋರಿಸಿದ ಬಿಳಿ ಮನೆ?"

"ಅದು ಟೈಲರ್ ಮನೆ" ಎಂದ ಗಾಜಣ್ಣ, ಕಂಬದಲ್ಲೇ ನೋಡುತ್ತಾ. "ನಮ್ಮನೆಗಿಂತ ಒಂದು ಸಾಲು ಮುಂದೆ. ಪಾರ್ಸೆಲ್ಲು ತಪ್ಪು ಮನೆಗೆ ಕೊಟ್ಟೆ ಕಣಯ್ಯಾ."

ಈ ಸಲ ಎಲ್ಲರ ಕಿವಿಗೂ ಬಿತ್ತು. ಪಿಟೀಲು ನಕ್ಕ ರಭಸಕ್ಕೆ ದುರ್ಬೀನೇ ಅಲ್ಲಾಡಿತು. ಹೆಂಡತಿಯ ತಂಗಿ ಗಂಡನ ಬೆನ್ನಿಗೊಂದು ಗುದ್ದಿದಳು. ಗಾಜಣ್ಣನಿಗೆ ಎಷ್ಟು ಸಂತೋಷವಾಯಿತೆಂದರೆ ಅದೇ ಮಾತನ್ನು ಇನ್ನೊಮ್ಮೆ ಹೇಳಿಬಿಟ್ಟ.

"ನನ್ನ ಹೊದಿಕೆ ಊರಿಗೆಲ್ಲ ಕಾಣುತ್ತಾ?" ಎಂದರು ಅತ್ತೆ ಗಾಬರಿಯಿಂದ.

"ಊರಿಗಲ್ಲ ಅತ್ತೆ, ನನಗೆ. ದಿನಾ ಏಳೂವರೆಗೆ ಬೀಳುತ್ತೆ. ಹೋದ ಬುಧವಾರ ಎಂಟಾಗಿತ್ತು."

ಹೆಂಡತಿ ಸೆರಗು ಸರಿಮಾಡಿಕೊಂಡಳು. "ಅಯ್ಯೋ, ಮೇಲಿಂದ ಕಾವಲು ಬೇರೆ ಕಾಯ್ತಾರೆ ನನಗೆ!" ಎಂದಳು. ಆದರೆ ಅವಳ ಕಿವಿ ಕೆಂಪಾದದ್ದನ್ನು ಗಾಜಣ್ಣ ಕಂಬದಲ್ಲಿ ನೋಡಿದ. ಅದನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡ, ಬೆಳಗಿನ ಗುರುತಿನ ಪಕ್ಕದಲ್ಲೇ.

"ಮುಂದಿನವ್ರು ಬನ್ನಿ" ಎಂದು ಡಬ್ಬಿಯ ಹತ್ತಿರದವನು ಕರೆದ. ಷಡ್ಡಕ ಕೈಯಲ್ಲಿದ್ದ ಪಾಸನ್ನು ನೋಡಿದ. ಕೊಡುವುದಕ್ಕೆ ಒಂದು ಕ್ಷಣ, ಒಂದೇ ಒಂದು ಕ್ಷಣ, ಅವನ ಬೆರಳು ಹಿಂಜರಿಯಿತು. ಆಮೇಲೆ ಪಿಟೀಲಿನ ಕೈಗೆ ಕೊಟ್ಟ. ಅವಳು ಎರಡೂ ಕೈಯಲ್ಲಿ ಅಪ್ಪನ ತೋಳು ಹಿಡಿದು ಎಳೆದಳು.

ಡಬ್ಬಿಯೊಳಗೆ ಕಾಲಡಿಯಲ್ಲಿ ಕಾರುಗಳು ಇರುವೆಗಳ ಹಾಗೆ ಹರಿಯುತ್ತಿದ್ದವು. ಪಿಟೀಲು ಅವನ ಕುತ್ತಿಗೆಗೆ ಜೋತುಬಿದ್ದು "ತೋರ್ಸು, ತೋರ್ಸು" ಎಂದಳು. ಅವನು ಬೆರಳೆತ್ತಿ "ಅಲ್ಲಿ ನೋಡು" ಎಂದ. ಬೆರಳು ಎಡಕ್ಕೆ ಹೋಯಿತು. ಅವಳು ಅದನ್ನು ಹಿಡಿದು ಬಲಕ್ಕೆ ತಿರುಗಿಸಿದಳು. "ಅಲ್ಲಿ" ಎಂದ. "ಹೂಂ, ಅಲ್ಲಿ" ಎಂದಳು. ಮತ್ತೆ ಶಾಲೆ ತೋರಿಸಿದ, ಮತ್ತೆ ಅವಳು ಬೆರಳು ತಿರುಗಿಸಿದಳು. ಐದು ನಿಮಿಷವೂ ಹೀಗೇ ನಡೆಯಿತು, ಅವನ ಬೆರಳು, ಅವಳ ಸ್ಟೀರಿಂಗು.

ಡಬ್ಬಿಯಿಂದ ಹೊರಡುವ ಹೊತ್ತಿಗೆ ಅಭ್ಯಾಸಬಲದಿಂದ ಅವನ ಕಣ್ಣು ಗೋಪುರದ ಕಡೆ ತಿರುಗಿತು. ಒಳಗಡೆ ಷಡ್ಡಕ ಗಾಜಿಗೆ ಮೂಗು ಒತ್ತಿ ನಿಂತು ಅವರಿಬ್ಬರನ್ನೇ ನೋಡುತ್ತಿದ್ದ. ಆ ಮುಖ ಗಾಜಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಒಳಗಿನ ಅಪ್ಪಂದಿರನ್ನು ನೋಡುವಾಗ ಗಾಜಿನಲ್ಲಿ ಇಪ್ಪತ್ತು ವರ್ಷ ಕಂಡ ತನ್ನದೇ ಮುಖ ಅದು. ನಿಜ ಹೇಳಬೇಕೆಂದರೆ ಗಾಜಣ್ಣನಿಗೆ ಕನಿಕರ ಬರಬೇಕಿತ್ತು. ಬಂದದ್ದು ಸಂತೋಷ! ಮಗಳನ್ನು ಇನ್ನೂ ಸ್ವಲ್ಪ ಮೇಲೆತ್ತಿ ಹಿಡಿದ, ಚೆನ್ನಾಗಿ ಕಾಣಲಿ ಎಂದು.

ಸೋಮವಾರ ಬೆಳಿಗ್ಗೆ ತೊಟ್ಟಿಲು ಅದೇ ಎತ್ತರಕ್ಕೆ ಏರಿತು. ಒಳಗಡೆಯ ಗಾಜಿನ ಮೇಲೆ ಷಡ್ಡಕನ ಮೂಗಿನ ಗುರುತು ಇನ್ನೂ ಹಾಗೇ ಇತ್ತು, ಒಳಗಿನ ಕೆಲಸದವರು ಇನ್ನೂ ಬಂದಿರಲಿಲ್ಲ. ಗಾಜಣ್ಣ ಅದಕ್ಕೆ ಸರಿಯಾಗಿ ಹೊರಗಿನಿಂದ ಒರೆಸಿ, ಗುರುತು ಇನ್ನಷ್ಟು ಸ್ಪಷ್ಟವಾಗಿ ಕಾಣುವಂತೆ ಮಾಡಿ, ಖುಷಿಪಟ್ಟ. ಏಳೂವರೆ. ಟ್ಯಾಂಕಿನ ಎಡಕ್ಕೆ ಹಳದಿ ಚುಕ್ಕೆ ಮೂಡಿತು. ಅದರ ಪಕ್ಕದಲ್ಲಿ ಏನೋ ಅಲ್ಲಾಡಿತು. ಪಿಟೀಲು ತಾರಸಿಯಿಂದ ಅವನ ಕಡೆ ಕೈ ಬೀಸುತ್ತೇನೆಂದು ಮಾತು ಕೊಟ್ಟಿದ್ದಳು. ಅವಳೇ! ಗಾಜಣ್ಣ ರಬ್ಬರ್ ಪಟ್ಟಿಯನ್ನು ಮೇಲೆತ್ತಿ ಗಾಜಿಗೇ ಕೈ ಬೀಸಿದ.

ಅಷ್ಟರಲ್ಲಿ ಹಳದಿ ಚುಕ್ಕೆಯ ಕೆಳಗೆ ಒಂದು ಕೆಂಪು ಚುಕ್ಕೆ ಬಂದು ನಿಂತಿತು.

ಗಾಜಣ್ಣನ ಕೈ ನಿಂತುಹೋಯಿತು. ಕೆಂಪು. ವ್ಯಾನು. ಬೆಳಬೆಳಿಗ್ಗೆ ಏಳೂವರೆಗೆ ಇವನಿಗೆ ನಮ್ಮ ಮನೆಯ ಮುಂದೆ ಏನು ಕೆಲಸ? ತಾರಸಿಯ ಮೇಲಿನ ಪುಟ್ಟ ಅಲ್ಲಾಟ ಥಟ್ಟನೆ ಮಾಯವಾಯಿತು. ಇಳಿದು ಓಡಿದಳು! ಒಂದೇ ಸಾಕ್ಸಿನಲ್ಲಿ ಓಡಿರಬೇಕು!

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಗಾಜಣ್ಣ ಹಿಂದಕ್ಕೆ ತಿರುಗಿದ.

"ಏ ಗಾಜಣ್ಣಾ, ತಲೆ ಕೆಟ್ಟಿದೆಯಾ? ತಿರುಗ್ಬೇಡ!" ಎಂದು ಜೊತೆಗಾರ ಬೆಲ್ಟು ಹಿಡಿದು ಜಗ್ಗಿದ.

ಗಾಜಣ್ಣನಿಗೆ ಕೇಳಿಸಲಿಲ್ಲ. ಬಯಲು, ಗಾಳಿ, ಕಾಲಡಿಯಿಂದ ಶುರುವಾಗಿ ಆಕಾಶದವರೆಗೆ ಹಬ್ಬಿದ ಊರು. ಅವನು ಟ್ಯಾಂಕು ಹುಡುಕಿದ, ಎಡಕ್ಕೆ ನೋಡಿದ. ಕಾರ್ಖಾನೆ, ಮೈದಾನ, ಹಳಿ. ಬಲಕ್ಕಪ್ಪಾ, ಬಲಕ್ಕೆ, ಎಂದು ಮಗಳ ದನಿಯಲ್ಲೇ ತನಗೆ ತಾನೇ ಹೇಳಿಕೊಂಡು ಬಲಕ್ಕೆ ತಿರುಗುವಷ್ಟರಲ್ಲಿ ಹಳದಿ ಚುಕ್ಕೆಯೊಂದೇ ಉಳಿದಿತ್ತು. ಕೆಂಪು ಚುಕ್ಕೆ ಹೊರಟುಬಿಟ್ಟಿತ್ತು.

ಮತ್ತೆ ಗಾಜಿನ ಕಡೆ ತಿರುಗಿದ. ಅಲ್ಲಿ ಸಿಕ್ಕಿತು. ಕೆಂಪು ಚುಕ್ಕೆ ಶಾಲೆಯ ರಸ್ತೆಯಲ್ಲಿ ನಿಧಾನವಾಗಿ, ಬೇಕೆಂದೇ ನಿಧಾನವಾಗಿ, ತೆವಳುತ್ತಿತ್ತು. ಗಾಜಣ್ಣ ಅದು ಕಣ್ಣಿಗೆ ಮರೆಯಾಗುವವರೆಗೂ ರಬ್ಬರ್ ಪಟ್ಟಿಯಿಂದ ಅದರ ಹಿಂದೆಯೇ ಗೀಚುತ್ತಾ ಹೋದ.

ಆ ಗಾಜು ಅವತ್ತು ನಾಲ್ಕು ಸಲ ಒರೆಸಿಸಿಕೊಂಡಿತು.